ಬಂದದ್ದು ಯಾರಿಗೆ, ಬದುಕಿದ್ದು ಯಾರು?

2022ರಲ್ಲಿ ಭಾರತದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರ ಸಂಖ್ಯೆ ಸುಮಾರು 14 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೊಟ್ಟಿರುವ ಅಂದಾಜು ಇದು. ಅವರಲ್ಲಿ ಗಂಡಸರು 6.9 ಲಕ್ಷವಾದರೆ ಹೆಂಗಸರು 7.2 ಲಕ್ಷ. ಅದೇ ವರ್ಷ ಕ್ಯಾನ್ಸರಿನಿಂದ ಸತ್ತವರ ಲೆಕ್ಕ ತೆಗೆದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಗಂಡಸರು 4.7 ಲಕ್ಷ, ಹೆಂಗಸರು ಹತ್ತಿರ ಹತ್ತಿರ 4.5 ಲಕ್ಷ. ಇಡೀ ಜಗತ್ತನ್ನು ತೆಗೆದುಕೊಂಡರೆ ಕಾಯಿಲೆ ಹೆಚ್ಚಾಗಿ ಬರುವುದೂ ಗಂಡಸರಿಗೇ, ಹೆಚ್ಚಾಗಿ ಸಾಯುವುದೂ ಗಂಡಸರೇ. ನಮ್ಮಲ್ಲಾದರೆ ಕಾಯಿಲೆ ಹೆಂಗಸರಿಗೆ ಹೆಚ್ಚು, ಸಾವು ಗಂಡಸರಿಗೆ ಹೆಚ್ಚು.

ಇದನ್ನು ಓದಿದವರು ಹೆಣ್ಣು ಜೀವ ಗಟ್ಟಿ, ಹೇಗೋ ಬದುಕಿಕೊಳ್ಳುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳುವುದುಂಟು. ಈ ಸಮಾಧಾನಕ್ಕೆ ಆಧಾರವಿಲ್ಲ. ಯಾಕಿಲ್ಲ ಎಂಬುದನ್ನು ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಹೋಬಳಿಯಂಥ ಜಾಗದಲ್ಲಿ ನಿಂತು ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ತೆಂಗು, ರಾಗಿ, ಒಂದಿಷ್ಟು ಅಡಿಕೆ, ಮನೆಗೊಂದೆರಡು ಸೀಮೆಹಸು, ಊರಾಚೆ ಗೊಲ್ಲರಹಟ್ಟಿ, ಸಂತೆಗೆ ಹುಳಿಯಾರು, ಕೊಬ್ಬರಿಗೆ ತಿಪಟೂರು, ದೊಡ್ಡ ಕಾಯಿಲೆಗೆ ಬೆಂಗಳೂರು ಎಂದು ಬದುಕನ್ನು ಹಂಚಿಕೊಂಡಿರುವ ಸೀಮೆ ಇದು.

ಮೊದಲು ಎರಡು ಲೆಕ್ಕಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಲಕ್ಷ ಜನರಲ್ಲಿ ಒಂದು ವರ್ಷಕ್ಕೆ ಎಷ್ಟು ಮಂದಿಗೆ ಹೊಸದಾಗಿ ಕಾಯಿಲೆ ಬಂತು ಎಂಬುದು ಒಂದು. ಬಂದವರಲ್ಲಿ ಐದು ವರ್ಷದ ಮೇಲೂ ಬದುಕಿರುವವರು ನೂರಕ್ಕೆ ಎಷ್ಟು ಎಂಬುದು ಇನ್ನೊಂದು. ತೋಟದಲ್ಲಿ ಉದುರಿದ ಕಾಯಿಯ ಲೆಕ್ಕವೇ ಬೇರೆ, ಅಟ್ಟದಿಂದ ಇಳಿದ ಕೊಬ್ಬರಿಯ ಲೆಕ್ಕವೇ ಬೇರೆ ಎಂದು ತೆಂಗಿನ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಲೆಕ್ಕವನ್ನು ಬಹುಮಟ್ಟಿಗೆ ಮೈ, ವಯಸ್ಸು, ಚಟ ಮತ್ತು ಊಟ ನಿರ್ಧರಿಸುತ್ತವೆ. ಎರಡನೆಯದನ್ನು ಹೆಚ್ಚಾಗಿ ನಿರ್ಧರಿಸುವುದು ರೋಗಿ ಎಷ್ಟು ಬೇಗ ಬಂದರು, ಎಷ್ಟು ದೂರದಿಂದ ಬಂದರು, ಕೈಯಲ್ಲಿ ಎಷ್ಟಿತ್ತು, ಜೊತೆಗೆ ಯಾರಿದ್ದರು ಎಂಬ ಸಂಗತಿಗಳು.

ಮೊದಲ ಲೆಕ್ಕದಲ್ಲೇ ನಮ್ಮ ದೇಶದೊಳಗೆ ಇರುವ ಅಂತರ ಬೆರಗು ಹುಟ್ಟಿಸುತ್ತದೆ. 2012ರಿಂದ 2016ರವರೆಗಿನ ಅಂಕಿಗಳನ್ನು ಒಳಗೊಂಡ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ವರದಿಯಲ್ಲಿ, ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿದ ಮೇಲೆ, ಮಿಜೋರಾಂನ ಐಜಾಲ್ ಜಿಲ್ಲೆಯ ಗಂಡಸರಲ್ಲಿ ಲಕ್ಷಕ್ಕೆ 269 ಮಂದಿಗೆ ಕ್ಯಾನ್ಸರ್. ಮಹಾರಾಷ್ಟ್ರದ ಉಸ್ಮಾನಾಬಾದ್ ಮತ್ತು ಬೀಡ್ ಜಿಲ್ಲೆಗಳಲ್ಲಿ ಬರೀ 39. ಹೆಂಗಸರಲ್ಲಿ ಅರುಣಾಚಲದ ಪಾಪುಂಪಾರೆ ಜಿಲ್ಲೆಯದು 219, ಅದೇ ಉಸ್ಮಾನಾಬಾದ್–ಬೀಡ್‌ನದು 49. ಮಿಜೋ ಜನರಲ್ಲಿ ಹೊಟ್ಟೆಯ ಕ್ಯಾನ್ಸರ್ ಯಾಕೆ ಇಷ್ಟೊಂದು ಎಂದು ಹುಡುಕಿದವರಿಗೆ ತಂಬಾಕಿನ ನಾನಾ ರೂಪಗಳೂ ಹೊಗೆಯಲ್ಲಿ ಒಣಗಿಸಿದ ಮಾಂಸವೂ ಕಂಡವು.

ಸಮುದಾಯದಿಂದ ಸಮುದಾಯಕ್ಕೆ ಕ್ಯಾನ್ಸರ್ ಬೇರೆಯಾಗುತ್ತದೆ ಎಂಬುದು ನಮ್ಮಲ್ಲಿ ಮೊದಲು ದಾಖಲಾದದ್ದು ಮುಂಬೈನಲ್ಲಿ. 1963ರಲ್ಲಿ ಅಲ್ಲಿ ದೇಶದ ಮೊದಲ ಕ್ಯಾನ್ಸರ್ ನೋಂದಣಿ ಶುರುವಾಯಿತು. ಡಾ. ಜುಸ್ಸಾವಾಲಾ ಮತ್ತು ಸಂಗಡಿಗರು ಧರ್ಮವಾರು ಪಟ್ಟಿ ಮಾಡಿದಾಗ ಪಾರ್ಸಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಉಳಿದವರಿಗಿಂತ ಬಹಳ ಹೆಚ್ಚು, ಪಾರ್ಸಿ ಗಂಡಸರಲ್ಲಿ ಗಂಟಲು ಮತ್ತು ಶ್ವಾಸಕೋಶದ ಕ್ಯಾನ್ಸರ್ ಬಹಳ ಕಡಿಮೆ ಎಂದು ಕಂಡುಬಂತು. ಪಾರ್ಸಿಗಳಲ್ಲಿ ಮದುವೆ ತಡ, ಮಕ್ಕಳು ಕಡಿಮೆ. ಬೆಂಕಿಯನ್ನು ಪವಿತ್ರವೆಂದು ಕಾಣುವ ಆ ಜನ ಬೀಡಿ ಸಿಗರೇಟು ಸೇದುವುದೂ ಕಡಿಮೆ. ರಕ್ತದ ಗುಣ ಎಂದುಕೊಂಡದ್ದರಲ್ಲಿ ಬಹುಪಾಲು ನಡೆನುಡಿಯ ಗುಣವೇ ಇತ್ತು. ಇದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. ಇಂಗ್ಲೆಂಡಿಗೆ ಹೋಗಿ ನೆಲೆಸಿದ ಭಾರತೀಯ ಮೂಲದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಇಲ್ಲಿಯವರಿಗಿಂತ ಹೆಚ್ಚು, ಅಲ್ಲಿನ ಬಿಳಿಯರಿಗಿಂತ ಕಡಿಮೆ. ವಂಶ ಅದೇ ಇದ್ದರೂ ಊರು ಬದಲಾದ ಮೇಲೆ ಕಾಯಿಲೆಯ ಪ್ರಮಾಣವೂ ಬದಲಾಗಿದೆ.

ಬೆಂಗಳೂರಿನಲ್ಲಿ ಇದೇ ಬದಲಾವಣೆ ಒಂದೇ ಊರೊಳಗೆ ಆಗಿದೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1982ರಿಂದ ನಗರದ ನಿವಾಸಿಗಳ ಕ್ಯಾನ್ಸರ್ ಲೆಕ್ಕ ಇಡುತ್ತ ಬಂದಿದೆ. ಆಗ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕೊರಳಿನ ಕ್ಯಾನ್ಸರಿನದು, ಈಗ ಸ್ತನ ಕ್ಯಾನ್ಸರಿನದು. ಚಿಕ್ಕ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ ಕಡಿಮೆಯಾದಂತೆ ಒಂದು ಇಳಿಯಿತು. ತಡವಾಗಿ ಒಂದೋ ಎರಡೋ ಮಗು, ಕಡಿಮೆ ದಿನದ ಎದೆಹಾಲು, ಹೆಚ್ಚಿದ ಮೈತೂಕ ಇವೆಲ್ಲ ಸೇರಿ ಇನ್ನೊಂದು ಏರಿತು. ಕಂದಿಕೆರೆಯಂಥ ಕಡೆ ಹಳೆಯದು ಪೂರ್ತಿ ಹೋಗುವ ಮೊದಲೇ ಹೊಸದು ಬಂದು ಸೇರಿಕೊಳ್ಳುತ್ತಿದೆ. ಅಜ್ಜಿಗೆ ಗರ್ಭಕೊರಳಿನ ಅಪಾಯ, ಮೊಮ್ಮಗಳಿಗೆ ಸ್ತನದ ಅಪಾಯ.

ಎಲಡಿಕೆಯನ್ನು ಬಿಟ್ಟು ಈ ಸೀಮೆಯ ಮಾತು ಪೂರ್ತಿಯಾಗುವುದಿಲ್ಲ. ಸಿಗರೇಟು ಗಂಡಸಿನ ಚಟ ಎಂದು ಬೈಯುವ ನಾವು, ಅಜ್ಜಿಯ ಸೊಂಟದ ಚೀಲದಲ್ಲಿರುವ ಕಡ್ಡಿಪುಡಿಯನ್ನು ಚಟ ಎಂದೇ ಎಣಿಸುವುದಿಲ್ಲ. 2016–17ರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ಗಂಡಸರಲ್ಲಿ ಶೇ 35ರಷ್ಟು, ಹೆಂಗಸರಲ್ಲಿ ಶೇ 10ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ಹೆಂಗಸರದು ಹೆಚ್ಚುಕಡಿಮೆ ಎಲ್ಲವೂ ಜಗಿಯುವ ತಂಬಾಕೇ. ಬೆಂಗಳೂರು ನೋಂದಣಿಯ ಆರಂಭದ ವರ್ಷಗಳಲ್ಲಿ ಬಾಯಿ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚಿತ್ತು ಎಂದರೆ ಇಂದು ಬಹಳ ಜನ ನಂಬಲಾರರು. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡಾ. ನಂದಕುಮಾರ್ ಮತ್ತು ಸಂಗಡಿಗರು ಬೆಂಗಳೂರಿನ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅದೇ ಬಡಾವಣೆಯ, ಅದೇ ವಯಸ್ಸಿನ ಬೇರೆಯವರೊಂದಿಗೆ ಹೋಲಿಸಿದರು. ಹೊಗೆಸೊಪ್ಪು ಸೇರಿಸಿ ಎಲಡಿಕೆ ಹಾಕುವ ಹೆಂಗಸರಿಗೆ ಅಪಾಯ 25 ಪಟ್ಟು ಎಂದು ಗೊತ್ತಾಯಿತು. ದವಡೆಯಲ್ಲಿ ಇಟ್ಟುಕೊಂಡೇ ಮಲಗುವವರಿಗೆ 17 ಪಟ್ಟಿಗೂ ಮೇಲೆ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆದು ಬದುಕುವ ತಾಲ್ಲೂಕಿಗೆ ಇದು ಹಿತವಾದ ಮಾತಲ್ಲ, ಆದರೂ ಹೇಳದೆ ವಿಧಿಯಿಲ್ಲ.

ಈಗ ಗಂಡು ಹೆಣ್ಣಿನ ಲೆಕ್ಕಕ್ಕೆ ಬರೋಣ. ನಮ್ಮ ಗಂಡಸರಿಗೆ ಹೆಚ್ಚಾಗಿ ಬರುವುದು ಬಾಯಿ, ಶ್ವಾಸಕೋಶ, ಅನ್ನನಾಳದ ಕ್ಯಾನ್ಸರ್. ಶ್ವಾಸಕೋಶದ್ದು ಬಂದರೆ ನಮ್ಮ ದೇಶದಲ್ಲಿ ಐದು ವರ್ಷ ದಾಟುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಹೆಂಗಸರಿಗೆ ಹೆಚ್ಚಾಗಿ ಬರುವುದು ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್. ಒಂದನ್ನು ಕೈಗೆ ಗಂಟಾಗಿ ಸಿಕ್ಕಾಗಲೇ ಹಿಡಿಯಬಹುದು. ಇನ್ನೊಂದು ಕ್ಯಾನ್ಸರಾಗಲು ಹತ್ತು ಹದಿನೈದು ವರ್ಷ ತೆಗೆದುಕೊಳ್ಳುತ್ತದೆ, ಆ ಅವಧಿಯಲ್ಲಿ ಯಾವಾಗ ನೋಡಿದರೂ ತಡೆಯಬಹುದು. ಹೆಂಗಸರ ಸಾವು ಗಂಡಸರದಕ್ಕಿಂತ ತುಸು ಕಡಿಮೆ ಕಾಣುವುದಕ್ಕೆ ಕಾರಣ ಇದೇ ಹೊರತು, ಅವರನ್ನು ನಾವು ಚೆನ್ನಾಗಿ ನೋಡಿಕೊಂಡಿದ್ದೇವೆ ಎಂದಲ್ಲ. ಗುಣವಾಗುವ ಕಾಯಿಲೆಯೇ ಹೆಚ್ಚಾಗಿ ಬಂದವರಲ್ಲಿ ಸಾವು ಇನ್ನೂ ಎಷ್ಟೋ ಕಡಿಮೆ ಇರಬೇಕಿತ್ತು.

ಎಷ್ಟು ಕಡಿಮೆ ಇರಬೇಕಿತ್ತು ಎಂದು ತಿಳಿಯಬೇಕಾದರೆ ಹೆಂಗಸನ್ನು ಪಕ್ಕದ ಮನೆಯ ಗಂಡಸಿನ ಜೊತೆ ಹೋಲಿಸಬಾರದು, ಬೇರೆ ದೇಶದ ಹೆಂಗಸಿನ ಜೊತೆ ಹೋಲಿಸಬೇಕು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ, ಸ್ತನ ಕ್ಯಾನ್ಸರ್ ಬಂದ ಮೇಲೆ ಐದು ವರ್ಷ ಬದುಕುವವರು ಅಮೆರಿಕದಲ್ಲಿ ನೂರಕ್ಕೆ 90, ಭಾರತದಲ್ಲಿ 66. ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂತು, 98 ಸಾವಿರ ಮಂದಿ ಅದರಿಂದ ಸತ್ತರು. ಬಂದವರ ಸಂಖ್ಯೆಗೆ ಸತ್ತವರ ಸಂಖ್ಯೆ ಅರ್ಧದಷ್ಟು. ಇಡೀ ಜಗತ್ತಿನ ಲೆಕ್ಕದಲ್ಲಿ ಇದು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಗರ್ಭಕೊರಳಿನ ಕ್ಯಾನ್ಸರ್ 1.27 ಲಕ್ಷ ಹೆಂಗಸರಿಗೆ ಬಂದರೆ ಸತ್ತವರು ಹತ್ತಿರ ಹತ್ತಿರ 80 ಸಾವಿರ. 1980ರ ದಶಕದಲ್ಲಿ ಬೆಂಗಳೂರು ನಗರದಲ್ಲೇ ಸ್ತನ ಕ್ಯಾನ್ಸರ್ ಬಂದವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 42ರ ಆಸುಪಾಸು ಇದ್ದರು. ಅಲ್ಲಿಂದ ದೇಶ ಮುಂದೆ ಬಂದಿದೆ ನಿಜ, ಆದರೆ ಬಂದಿರುವ ದೂರಕ್ಕಿಂತ ಉಳಿದಿರುವ ದೂರವೇನೂ ಕಡಿಮೆ ಇಲ್ಲ.

ಹಾಗೆಂದು ಅಮೆರಿಕ ಎಲ್ಲರಿಗೂ ಸಮಾನವಾದ ನಾಡೇನಲ್ಲ. ಅಲ್ಲಿನ ಕಪ್ಪು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುವುದು ಬಿಳಿಯರಿಗಿಂತ ತುಸು ಕಡಿಮೆ, ಅದರಿಂದ ಸಾಯುವುದು ಸುಮಾರು ಶೇ 40ರಷ್ಟು ಹೆಚ್ಚು. ಇದರಲ್ಲಿ ಮೈಯ ಪಾತ್ರವೂ ಇದೆ. ಹಾರ್ಮೋನ್ ಮಾತ್ರೆಗೆ ಬಗ್ಗದ, ಬೇಗ ಹರಡುವ ಒಂದು ಬಗೆಯ ಸ್ತನ ಕ್ಯಾನ್ಸರ್ ಕಪ್ಪು ಹೆಂಗಸರಲ್ಲಿ ಹೆಚ್ಚು. ಭಾರತೀಯ ಹೆಂಗಸರಲ್ಲೂ ಅದರ ಪಾಲು ದೊಡ್ಡದೇ. ಉಳಿದದ್ದು ವಿಮೆ ಇಲ್ಲದ್ದು, ತಡವಾಗಿ ಪತ್ತೆಯಾದದ್ದು, ಚಿಕಿತ್ಸೆ ನಡುವೆ ನಿಂತದ್ದು. ಅಮೆರಿಕದವರು ಇದನ್ನು ಜನಾಂಗವಾರು ಬರೆದಿಟ್ಟಿರುವುದರಿಂದಲೇ ಈ ಅನ್ಯಾಯ ಅಂಕಿಯಾಗಿ ಕಣ್ಣಿಗೆ ಬಿದ್ದಿದೆ. ನಮ್ಮ ನೋಂದಣಿ ವರದಿಗಳಲ್ಲಿ ವಯಸ್ಸು, ಲಿಂಗ, ಜಿಲ್ಲೆ, ಅಂಗ ಎಲ್ಲದರ ಪಟ್ಟಿಯೂ ಇರುತ್ತದೆ, ಜಾತಿಯದು ಕಾಣುವುದಿಲ್ಲ. ಗೊಲ್ಲರಹಟ್ಟಿಯ ಹೆಂಗಸಿಗೂ ಪೇಟೆಯ ತೋಟದ ಮನೆಯ ಹೆಂಗಸಿಗೂ ನಡುವೆ ಬದುಕುಳಿಯುವ ಅಂತರ ಎಷ್ಟೆಂದು ಆ ಪಟ್ಟಿ ನೋಡಿ ಯಾರೂ ಹೇಳಲಾರರು.

ಕಂದಿಕೆರೆಯ ಹೆಂಗಸಿನ ವಿಷಯದಲ್ಲಿ ಲೆಕ್ಕದ ಕೊರತೆ ಇನ್ನೂ ಒಂದು ಹೆಜ್ಜೆ ಮುಂದೆ. ಅವಳು ಕಿದ್ವಾಯಿಗೆ ಹೋಗಿ ಹೆಸರು ಬರೆಸಿದರೆ ಆಸ್ಪತ್ರೆಯ ದಾಖಲೆಯಲ್ಲಿ ಸೇರುತ್ತಾಳೆ. ಬೆಂಗಳೂರಿನ ನಿವಾಸಿ ಅಲ್ಲವಾದ್ದರಿಂದ ನಗರದ ಜನಸಂಖ್ಯಾ ನೋಂದಣಿಯಲ್ಲಿ ಸೇರುವುದಿಲ್ಲ. ಆಸ್ಪತ್ರೆಗೇ ಹೋಗದೆ ಊರಲ್ಲೇ ತೀರಿಕೊಂಡರೆ ‘ಹೊಟ್ಟೆನೋವಿತ್ತು’, ‘ರಕ್ತ ಹೋಗಿ ಹೋಗಿ ಸೊರಗಿದಳು’ ಎಂಬ ಮಾತಿನಲ್ಲಿ ಮುಗಿಯುತ್ತದೆ. ಹಳ್ಳಿಯಲ್ಲಿ ಕ್ಯಾನ್ಸರ್ ಕಡಿಮೆ ಎಂಬ ಮಾತಿನೊಳಗೆ ಇಂಥ ಎಣಿಸದ ಸಾವುಗಳೂ ಸೇರಿವೆ.

ತಡವಾಗುವುದು ಎಲ್ಲಿ? ಮೊದಲ ತಡ ಮನೆಯೊಳಗೆ. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ವಾಸನೆಯ ಬಿಳುಪು ಹೋಗುತ್ತಿದ್ದರೆ ಅದು ಗರ್ಭಕೊರಳಿನ ಕ್ಯಾನ್ಸರಿನ ಸೂಚನೆ ಇರಬಹುದು. ಇದನ್ನು ಬಾಯಿಬಿಟ್ಟು ಹೇಳುವುದಾದರೂ ಯಾರಿಗೆ? ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಿಂದ ಹೊರಗೆ ಇರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಾಗ ಇಡೀ ರಾಜ್ಯ ಈ ಬಗ್ಗೆ ಮಾತಾಡಿತು. ಮುಟ್ಟೇ ಮೈಲಿಗೆಯಾದ ಕಡೆ, ಅರವತ್ತರ ಅಜ್ಜಿ ‘ನನಗೆ ಮತ್ತೆ ಶುರುವಾಗಿದೆ’ ಎಂದು ಹೇಳುವುದಕ್ಕಿಂತ ಬಟ್ಟೆ ಮುಚ್ಚಿಟ್ಟುಕೊಂಡು ಒಗೆದು ಒಣಗಿಸುವುದೇ ಸುಲಭ. ಹಟ್ಟಿಯವರನ್ನಷ್ಟೇ ಬೊಟ್ಟು ಮಾಡಿ ಉಳಿದವರು ತಪ್ಪಿಸಿಕೊಳ್ಳುವಂತಿಲ್ಲ. ಆ ಮೂರು ದಿನ ಅಡುಗೆಮನೆ, ದೇವರಮನೆ ಹೊಗಬಾರದೆನ್ನುವ ಮನೆಗಳು ಎಲ್ಲ ಜಾತಿಯಲ್ಲೂ ಇವೆ.

ಹೇಳದಿರುವುದರ ಇನ್ನೊಂದು ಮುಖ ಭಯ. ಈ ಭಯವನ್ನು ದುಡ್ಡು ಮಾಡಿಕೊಂಡ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೂ ದಲಿತ ಹೆಂಗಸರಿಗೂ, ಬಿಳುಪು, ಹೊಟ್ಟೆನೋವು ಎಂದು ಹೋದಾಗ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆದುಹಾಕಿದ ಪ್ರಕರಣಗಳು 2015ರಲ್ಲಿ ಬೆಳಕಿಗೆ ಬಂದು, ತನಿಖೆಯೂ ನಡೆಯಿತು, ಧರಣಿಗಳೂ ನಡೆದವು. ಒಂದು ಕಡೆ ಕ್ಯಾನ್ಸರ್ ಇದ್ದವಳಿಗೆ ತಪಾಸಣೆ ಇಲ್ಲ, ಇನ್ನೊಂದು ಕಡೆ ಇಲ್ಲದವಳಿಗೆ ಶಸ್ತ್ರಚಿಕಿತ್ಸೆ. ಎರಡೂ ಕಡೆ ಸಿಕ್ಕಿಕೊಂಡವರು ಅದೇ ಬಡ, ಓದು ಬಾರದ, ಪೇಟೆಯಿಂದ ದೂರದ ಹೆಂಗಸರು.

ಎರಡನೆಯ ತಡ ರಸ್ತೆಯಲ್ಲಿ ಮತ್ತು ಅಟ್ಟದಲ್ಲಿ. ಗರ್ಭಕೊರಳಿನ ಕ್ಯಾನ್ಸರ್ ಸ್ವಲ್ಪ ಬಲಿತಿದ್ದರೆ ರೇಡಿಯೇಷನ್ ಕೊಡಬೇಕು. ವಾರಕ್ಕೆ ಐದು ದಿನ, ಸುಮಾರು ಐದು ವಾರ, ಜೊತೆಗೆ ವಾರಕ್ಕೊಮ್ಮೆ ಔಷಧದ ಡ್ರಿಪ್, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್. ಕಂದಿಕೆರೆಯಿಂದ ಬೆಂಗಳೂರು ನೂರು ಕಿಲೋಮೀಟರಿಗೂ ಹೆಚ್ಚು, ದಿನಾ ಹೋಗಿಬರುವ ದೂರವಲ್ಲ. ಎಂದರೆ ಮನೆಯ ಹೆಂಗಸು ಹೆಚ್ಚುಕಡಿಮೆ ಎರಡು ತಿಂಗಳು ಊರು ಬಿಡಬೇಕು. ಬೆಳಗಿನ ಡೇರಿಗೆ ಹಾಲು ಹಾಕುವವರು ಯಾರು, ಅತ್ತೆಗೆ ಮುದ್ದೆ ಮಾಡಿಹಾಕುವವರು ಯಾರು? ಗಂಡಸು ಆಸ್ಪತ್ರೆಯಲ್ಲಿ ಮಲಗಿದರೆ ಹೆಂಡತಿ ಜೊತೆಗಿರುತ್ತಾಳೆ. ಹೆಂಡತಿ ಮಲಗಿದರೆ ಜೊತೆಗಿರಲು ತವರಿನಿಂದ ತಂಗಿಯನ್ನೋ ಮದುವೆಯಾದ ಮಗಳನ್ನೋ ಕರೆಸಬೇಕು. ದುಡ್ಡಿನ ಮಾತೂ ಹಾಗೆಯೇ. ಈ ಸೀಮೆಯಲ್ಲಿ ಉಂಡೆ ಕೊಬ್ಬರಿಯಾಗಲು ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಕೂರಬೇಕು. ಸುಲಿಯುವುದರಿಂದ ಹಿಡಿದು ನಾರಿನ ಕೆಲಸದವರೆಗೆ ಹೆಂಗಸರ ಕೈ ಇದ್ದರೂ, ತಿಪಟೂರಿನ ಮಾರುಕಟ್ಟೆಗೆ ಯಾವಾಗ ಹಾಕಬೇಕು, ಬಂದ ಹಣ ಯಾವುದಕ್ಕೆ ಎನ್ನುವುದನ್ನು ತೀರ್ಮಾನಿಸುವುದು ಸಾಮಾನ್ಯವಾಗಿ ಗಂಡಸು. ‘ರೇಟು ಬರಲಿ, ಆಮೇಲೆ ನೋಡೋಣ’ ಎನ್ನುವ ಒಂದು ಮಾತಿನಲ್ಲಿ ಎರಡನೇ ಹಂತದ ಗಡ್ಡೆ ಮೂರನೇ ಹಂತಕ್ಕೆ ಹೋಗಬಲ್ಲದು.

ಮಕ್ಕಳಲ್ಲೂ ಈ ಭೇದವಿದೆ. ಮಕ್ಕಳ ಕ್ಯಾನ್ಸರ್ ಗಂಡುಮಕ್ಕಳಿಗೆ ತುಸು ಹೆಚ್ಚು ಬರುವುದು ಬೇರೆ ದೇಶಗಳಲ್ಲೂ ಇದ್ದದ್ದೇ. ಆದರೆ ಭಾರತದ ದೊಡ್ಡ ಆಸ್ಪತ್ರೆಗಳ ದಾಖಲೆ ನೋಡಿದವರಿಗೆ, ಬಂದಿರಬೇಕಾದಷ್ಟು ಹೆಣ್ಣುಮಕ್ಕಳು ಚಿಕಿತ್ಸೆಗೆ ಬಂದೇ ಇಲ್ಲ ಎಂದು ಕಂಡಿತು. ಉತ್ತರ ಭಾರತದಲ್ಲಿ ಈ ಕೊರತೆ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಕಡಿಮೆ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ.

ಇಷ್ಟಾದರೂ ಇದು ಹಣೆಬರಹದ ಕಥೆಯಲ್ಲ. ಸಾವಿನ ಅಂತರದಲ್ಲಿ ದುಡ್ಡಿನ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಕರ್ನಾಟಕವೇ ಜಗತ್ತಿಗೆ ಒಂದು ಸಾಕ್ಷಿ ಒದಗಿಸಿದೆ. 2010ರಲ್ಲಿ ಬಡ ಕುಟುಂಬಗಳಿಗೆ ಕ್ಯಾನ್ಸರ್, ಹೃದ್ರೋಗ ಮುಂತಾದ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಗೆ ಬಂತು, ದಕ್ಷಿಣಕ್ಕೆ ಇನ್ನೂ ಬಂದಿರಲಿಲ್ಲ. ಯೋಜನೆ ಇದ್ದ ಮತ್ತು ಇಲ್ಲದ ಸೀಮೆಗಳ ಗಡಿಯ ಆಚೆ ಈಚೆಯ, ಬಹುಮಟ್ಟಿಗೆ ಒಂದೇ ತೆರನಾದ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸತ್ತವರ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ 0.90, ಇದ್ದ ಕಡೆ ಶೇ 0.32. ಜನ ಅವರೇ, ಊಟ ಅದೇ, ಜಾತಿಗಳೂ ಅವೇ. ಬದಲಾದದ್ದು ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ ಎಂಬುದೊಂದೇ. ಇಂದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇಡೀ ರಾಜ್ಯದಲ್ಲಿದೆ. ಆದರೆ ಕಾರ್ಡು ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆಯೇ ವಿನಾ ಎರಡು ತಿಂಗಳ ಕೂಲಿ ಕೊಡುವುದಿಲ್ಲ, ಹಸುವಿಗೆ ಹುಲ್ಲು ಹಾಕುವುದಿಲ್ಲ.

ಬೇಗ ಪತ್ತೆಹಚ್ಚುವುದಕ್ಕೂ ಹತ್ತಿರದ ಸಾಕ್ಷಿಯಿದೆ. ನಮ್ಮ ವಿಜಯಪುರಕ್ಕೆ ಅಂಟಿಕೊಂಡ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ಹಳ್ಳಿಗಳ ಕ್ಯಾನ್ಸರ್ ನೋಂದಣಿ ನಡೆದಿದೆ. ಎಣಿಸಲು ಮನೆಮನೆಗೆ ಹೋದವರು ಕಾಯಿಲೆಯ ಲಕ್ಷಣಗಳನ್ನೂ ತಿಳಿಸಿ ಹೇಳಿದ್ದರಿಂದ, ಕೆಲವೇ ವರ್ಷಗಳಲ್ಲಿ ಹೆಂಗಸರು ಮೊದಲಿಗಿಂತ ಬೇಗನೆ, ಚಿಕ್ಕ ಹಂತದಲ್ಲೇ ಆಸ್ಪತ್ರೆಗೆ ಬರತೊಡಗಿದರು. ಆ ತಂಡವೇ ಪಕ್ಕದ ಉಸ್ಮಾನಾಬಾದ್‌ನಲ್ಲಿ 30ರಿಂದ 59 ವಯಸ್ಸಿನ 1.31 ಲಕ್ಷ ಹಳ್ಳಿ ಹೆಂಗಸರನ್ನು ಸೇರಿಸಿಕೊಂಡು ಪ್ರಯೋಗ ನಡೆಸಿತು. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿಗಾಗಿ ಒಂದೇ ಒಂದು ಬಾರಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದಾದ ಸಾವು, ಎಂಟು ವರ್ಷದಲ್ಲಿ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮುಂಬೈನ ಕೊಳೆಗೇರಿಗಳಲ್ಲಿ ವೈದ್ಯರಲ್ಲದ ಆರೋಗ್ಯ ಕಾರ್ಯಕರ್ತೆಯರು ವಿನೆಗರ್‌ನಂಥ ದ್ರಾವಣ ಹಚ್ಚಿ ಕಣ್ಣಿನಿಂದಲೇ ನೋಡಿದ ಪರೀಕ್ಷೆಯೂ ಸಾವನ್ನು ಶೇ 31ರಷ್ಟು ತಗ್ಗಿಸಿತು. ಎರಡೂ ಕಡೆ ಪರೀಕ್ಷೆಗೆ ಒಳಗಾದವರು ಬಡವರು, ಹೆಚ್ಚಿನವರು ಹೆಚ್ಚು ಓದದವರು.

ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ಶೇ 1.9, ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ 0.9. ಮೂವತ್ತು ದಾಟಿದವರನ್ನೆಲ್ಲ ನೋಡಬೇಕೆಂಬ ಸರ್ಕಾರಿ ಮಾರ್ಗಸೂಚಿ ಬಂದದ್ದು 2016ರಲ್ಲಿ. ಕರ್ನಾಟಕ 2024ರಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಆರಂಭಿಸಿ ಬಿಪಿ, ಶುಗರ್ ಜೊತೆಗೆ ಈ ಕ್ಯಾನ್ಸರುಗಳನ್ನೂ ಮನೆಬಾಗಿಲಿನ ತಪಾಸಣೆಗೆ ಸೇರಿಸಿದೆ. 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕಿಮೊ ಕೇಂದ್ರಗಳೂ ಶುರುವಾದವು. ದಿಕ್ಕು ಸರಿಯಾಗಿದೆ. ಆದರೆ ಬಿಪಿ ನೋಡಲು ತೋಳು ಚಾಚಿದರೆ ಸಾಕು, ಗರ್ಭಕೊರಳು ನೋಡಲು ಪರದೆ ಇರುವ ಕೋಣೆ, ತರಬೇತಿ ಪಡೆದ ನರ್ಸಮ್ಮ ಮತ್ತು ಹೆಂಗಸಿನ ನಂಬಿಕೆ ಬೇಕು. ಸೌಕರ್ಯವಿಲ್ಲದ ಕಡೆ ಫಾರಂನಲ್ಲಿ ‘ತೊಂದರೆ ಇಲ್ಲ’ ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋಗುವುದು ಸುಲಭ.

ಯಾರಿಗೆ ಕ್ಯಾನ್ಸರ್ ಬರುತ್ತದೆ ಎಂಬುದನ್ನು ಬದಲಿಸಲು ಒಂದು ತಲೆಮಾರು ಬೇಕು. ತಂಬಾಕು ಬಿಡಿಸಬೇಕು, ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಬೇಕು, ಅದರ ಪೂರ್ತಿ ಫಲ ಕಾಣಲು ವರ್ಷಗಳೇ ಬೇಕು. ಬಂದವರಲ್ಲಿ ಯಾರು ಬದುಕುತ್ತಾರೆ ಎಂಬುದನ್ನು ಬದಲಿಸಲು ಅಷ್ಟು ಕಾಯಬೇಕಾಗಿಲ್ಲ. ರಸ್ತೆ, ಚರಂಡಿಯ ಲೆಕ್ಕ ಕೇಳುವ ಗ್ರಾಮಸಭೆ ಮೂರು ಪ್ರಶ್ನೆ ಕೇಳಲಿ. ನಮ್ಮ ಪಂಚಾಯಿತಿಯಲ್ಲಿ ಮೂವತ್ತು ದಾಟಿದ ಎಷ್ಟು ಹೆಂಗಸರ ಗರ್ಭಕೊರಳನ್ನೂ ಎದೆಯನ್ನೂ ಬಾಯನ್ನೂ ನಿಜವಾಗಿ ನೋಡಿದ್ದೀರಿ? ಅನುಮಾನ ಬಂದವರಲ್ಲಿ ಎಷ್ಟು ಮಂದಿ ಮುಂದಿನ ಆಸ್ಪತ್ರೆ ತಲುಪಿದರು? ತಲುಪಿದವರಲ್ಲಿ ಚಿಕಿತ್ಸೆ ಮುಗಿಸಿದವರು ಎಷ್ಟು? ಉತ್ತರವನ್ನು ಊರು, ಹಟ್ಟಿ, ಕಾಲೊನಿ ಎಂದು ಬೇರೆ ಬೇರೆಯಾಗಿ ಕೇಳಬೇಕು, ಯಾಕೆಂದರೆ ಸರಾಸರಿಯೊಳಗೆ ಹಟ್ಟಿ ಕಾಣುವುದಿಲ್ಲ. ಇನ್ನು ಚಿಕಿತ್ಸೆಗೆ ಹೋದವಳ ಮನೆಯ ಹಾಲನ್ನು ಎರಡು ತಿಂಗಳು ಕರೆದು ಡೇರಿಗೆ ಹಾಕುವವರನ್ನು ಗೊತ್ತುಮಾಡುವ ಕೆಲಸ ಸ್ತ್ರೀಶಕ್ತಿ ಸಂಘಕ್ಕೆ ಸೇರಿದ್ದಾಗಲಿ. ಕೊಬ್ಬರಿಯ ರೇಟಿಗೆ ಕಾಯುವ ಕೆಲಸವನ್ನು ಮನೆಯ ಗಂಡಸರು ಬೇರೆ ಖರ್ಚಿಗೆ ಇಟ್ಟುಕೊಳ್ಳಲಿ.